ಅಪ್ಪನ ಪಕ್ಕದ ಜಾಗ

"ಹಲೋ... ಹಲೋ, ಯಾರು ಮಾತಾಡುವುದು? ಚರ್ಚ್ ಆಫೀಸಾ?... ಹಾಂ, ಪ್ರಿಯನ್, ನಾನು ದುಬೈಯಿಂದ ಗ್ರೇಸಿ. ಗಂಟೆ ಹೊಡೆಯುತ್ತಿದ್ದ ಯೋನಪ್ಪನವರ ಮಗಳು..."

ಡಿಸ್ಕವರಿ ಗಾರ್ಡನ್ಸ್ ಬಡಾವಣೆಯ ಗ್ರೇಸಿಯ ಮನೆಯ ಸೋಫಾದಲ್ಲಿ ಕಾಲು ನೀಡಿ ಕೂತಿದ್ದ ಅಮ್ಮ ಬೆಟ್ಟಿ, ಮಗಳ ಬಾಯನ್ನೇ ನೋಡುತ್ತಿದ್ದರು. ನಾಳೆ ಅವರ ಮೊಣಕಾಲಿಗೆ ಆಪರೇಷನ್. ಊರಿನ ಇಂಗ್ಲಿಷರ ಕಾಲದ ಚರ್ಚಿನ ಸ್ಮಶಾನದಲ್ಲಿ ಗಂಡನ ಪಕ್ಕದ ಜಾಗ ತನಗೇ ಎಂದು ಖಾತ್ರಿಯಾಗದೆ ಆಸ್ಪತ್ರೆಯ ಕಾಗದಕ್ಕೆ ಸಹಿ ಹಾಕುವುದಿಲ್ಲ ಎಂದು ಹಟ ಹಿಡಿದಿದ್ದರು. ಮೊಣಕಾಲಿನಿಂದ ಯಾರೂ ಸಾಯುವುದಿಲ್ಲ ಎಂದು ನರ್ಸ್ ಆಗಿದ್ದ ಗ್ರೇಸಿ ಹೇಳಿದ್ದು ಗಾಳಿಗೆ ಹೋಗಿತ್ತು.

"ಅಪ್ಪನ ಪಕ್ಕ ಖಾಲಿ ಉಂಟಾ? ಅಷ್ಟು ಹೇಳು ಸಾಕು... ಹಾಂ... ಹಾಂ... ಕಲೆಕ್ಟರನ ಹೆಂಡತಿಯಾ?"

ಸಂಡೆ ಸ್ಕೂಲಿನಲ್ಲಿ ಗ್ರೇಸಿಯ ಜೊತೆ ಓದಿದ ಪ್ರಿಯನ್ ಈಗ ಚರ್ಚಿನ ಕಾರ್ಯದರ್ಶಿ. ನೂರೈವತ್ತನೇ ವರ್ಷದ ಸ್ಮರಣ ಸಂಚಿಕೆಗೆ ಚರಿತ್ರೆ ಬರೆಯುತ್ತಿದ್ದ. ಏನು ಕೇಳಿದರೂ ಅಡಿಗಲ್ಲಿನಿಂದ ಶುರು ಮಾಡುತ್ತಿದ್ದ. ಕಲೆಕ್ಟರನ ಹೆಂಡತಿ ಕಾಲರಾದಲ್ಲಿ ಸತ್ತದ್ದು, ಅವಳ ನೆನಪಿಗೆ ಚರ್ಚು ಎದ್ದದ್ದು, ಗಂಟೆ ಹಡಗಿನಲ್ಲಿ ಬಂದದ್ದು. ಆರಾಧನೆಗೆ ದೊರೆಗಳು ಮುಂದಿನ ಬೆಂಚಿನಲ್ಲಿ, ನಮ್ಮವರು ಬಾಗಿಲ ಬಳಿ ಚಾಪೆಯಲ್ಲಿ. ಸತ್ತ ಮೇಲೂ ಅದೇ ಕ್ರಮ: ದೊರೆಗಳಿಗೆ ಚರ್ಚಿನ ಮಗ್ಗುಲು, ನಮ್ಮವರಿಗೆ ಕಂಪೌಂಡಿನ ಮೂಲೆ.

"ಚಂದ ಬರೆದಿದ್ದಿ ಮಾರಾಯ... ಈಗ ಅಪ್ಪನ ಹತ್ತಿರ ಬಾ... ಎಂಥದು? ಪಾರ್ಕಿಂಗಾ? ಯಾರನ್ನು ಕೇಳಿ?"

ದೊರೆಗಳ ಗೋರಿ ನೋಡಲು ಇಂಗ್ಲೆಂಡಿನಿಂದ ಮರಿಮಕ್ಕಳು ಬರುತ್ತಾರಂತೆ. ಅವರ ಕಾರು ನಿಲ್ಲಲೆಂದು ಸಮಿತಿಯವರು ಯೋನಪ್ಪನವರ ಪಕ್ಕದ ಖಾಲಿ ಜಾಗಕ್ಕೆ ಸಿಮೆಂಟು ಹಾಕಿಸಿದ್ದರು. ಬೇಕಿದ್ದರೆ ಕಲೆಕ್ಟರನ ಹೆಂಡತಿಯ ಬದಿಯಲ್ಲಿ ಒಂದು ಜಾಗ ಕೊಡಬಹುದು, ಅದು ಮರ್ಯಾದೆಯ ಜಾಗ ಎಂದ ಪ್ರಿಯನ್.

ಗ್ರೇಸಿ ಅದನ್ನು ಅಮ್ಮನಿಗೆ ದಾಟಿಸಿದಳು. ಆ ದೊರೆಸಾನಿಯ ಹತ್ತಿರ ನಾನು ಯಾವ ಭಾಷೆಯಲ್ಲಿ ಮಾತಾಡುವುದು ಎಂದು ಕೇಳಿ ಬೆಟ್ಟಿ ಗೋಡೆಯತ್ತ ತಿರುಗಿದರು.

"ಪ್ರಿಯನ್, ಅಮ್ಮ ಒಪ್ಪುವುದಿಲ್ಲ. ಬೇರೆ ದಾರಿ ಹೇಳು... ಹಾಂ? ಅಪ್ಪನ ಗುಂಡಿಯನ್ನೇ ತೆರೆಯುವುದಾ?... ಅಪ್ಪನ ಪೆಟ್ಟಿಗೆಯ ಮೇಲೆಯಾ? ಅದು ಹಿಂದಿನಿಂದಲೂ ಉಂಟಾ, ಗಂಡಹೆಂಡತಿಗೆ?... ಸಮಿತಿಯವರು ಆಮೇಲೆ ತಕರಾರು ಮಾಡುವುದಿಲ್ಲ ಅಲ್ವಾ?"

ಅಮ್ಮನಿಗೆ ಇದನ್ನು ಹೇಗೆ ಹೇಳುವುದೆಂದು ಗ್ರೇಸಿ ತಡವರಿಸಿದಳು. ಕೊನೆಗೆ, ತಾನು ಮೊದಲು ಬಂದಾಗ ಬರ್ ದುಬೈಯಲ್ಲಿ ಮಂಚದ ಲೆಕ್ಕದಲ್ಲಿ ಬಾಡಿಗೆ ಕೊಡುವ ಬೆಡ್‌ಸ್ಪೇಸಿನಲ್ಲಿ ಒಂದರ ಮೇಲೊಂದು ಮಂಚ ಇತ್ತಲ್ಲ, ಹಾಗೆ, ಕೆಳಗೆ ಅಪ್ಪ ಎಂದಳು.

ಗಂಡ ಇದ್ದಷ್ಟು ಕಾಲ ಅವರೆದುರು ಕುರ್ಚಿಯಲ್ಲಿ ಕೂತವರಲ್ಲ ಬೆಟ್ಟಿ. ತುಟಿಯ ಅಂಚು ಮೆಲ್ಲಗೆ ಅಲುಗಿತು. ಕೈ ಚಾಚಿ ಫೋನು ತೆಗೆದುಕೊಂಡರು.

"ಪ್ರಿಯನ್, ನಾನು ಬೆಟ್ಟಿ. ಮೇಲಿನದ್ದೇ ಇರಲಿ... ಹಾಂ, ಇವಳ ಅಪ್ಪನನ್ನು ಕೇಳುವುದೆಂಥದು? ಮೊದಲು ಹೋಗಲು ಯಾರು ಹೇಳಿದ್ದು ಅವರಿಗೆ?... ಕಲ್ಲಿನಲ್ಲಿಯೂ ನನ್ನ ಹೆಸರು ಮೇಲೆ ಬರಬೇಕು, ತಿಳಿಯಿತಾ?... ನೀನು ನಗಬೇಡ, ಬರೆದಿಡು. ಮತ್ತೆ ಆ ಕಾರಿನವರಿಗೆ ಹೇಳು, ರಿವರ್ಸ್ ತೆಗೆಯುವಾಗ ನನ್ನ ಕಾಲಿಗೆ..."

ಲೈನ್ ಕಡಿಯಿತು. ಫೋನನ್ನು ಕಿವಿಯಿಂದ ತೆಗೆಯದೆಯೇ ಬೆಟ್ಟಿ, ಆಸ್ಪತ್ರೆಯ ಕಾಗದ ಇತ್ತ ಕೊಡು ಎಂದು ಮಗಳಿಗೆ ಸನ್ನೆ ಮಾಡಿದರು.