ಮೂರನೆಯ ಚಂದ್ರ

ಕಣ್ಣಾಸ್ಪತ್ರೆಯಲ್ಲಿ ಔಷಧಿ ಬಿಡಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದ ದರ್ಜಿ ಮುದುಕಿಗೆ, ಅದೇ ಬೆಂಚಿನ ಅಕ್ಕ-ತಮ್ಮನ ಮಾತಷ್ಟೇ ಕೇಳುತ್ತಿತ್ತು.

“ಊಟ ಬಿಟ್ಟು ಕಂಪ್ಯೂಟರ್ ಮುಂದೆ ಏನೋ ಮಾಡ್ತೀಯ?”

“ಒಂದು ಕ್ಷುದ್ರಗ್ರಹ ಅಕ್ಕಾ, ಬೆಟ್ಟದಷ್ಟು ಕಲ್ಲು. ಅದರ ಸುತ್ತ ಪುಟ್ಟ ಚಂದ್ರಗಳು ಎಷ್ಟು ಕಾಲ ನಿಲ್ತವೆ ಅಂತ ಲೆಕ್ಕ.”

“ನಿಲ್ತವಾ?”

“ಎರಡಿದ್ರೆ ನಿಲ್ತವೆ. ಮೂರನೇದು ಹತ್ರ ಬಂದ್ರೆ ಎಳೆದಾಡಿ ಒಂದನ್ನ ಆಚೆ ತಳ್ತವೆ.”

“ಅದಕ್ಕೇ ನನ್ನ, ನಿನ್ನ ಭಾವನ ಜೊತೆ ನಮ್ಮನೇಲಿ ಇರೋಕೆ ಬರಲ್ಲ ಅಂತೀಯೇನೋ?”

“ನಾನು ಚಂದ್ರನ ವಿಷಯ ಹೇಳಿದ್ದು.”

“ತಳ್ಳಿದ್ದು ಎಲ್ಲಿಗೆ ಹೋಗುತ್ತೆ?”

“ಎಲ್ಲಿಗೂ ಇಲ್ಲ. ಅದೇ ಸೂರ್ಯನ ಸುತ್ತ, ಹೆಚ್ಚುಕಮ್ಮಿ ಅದೇ ದಾರೀಲಿ ಹೋಗ್ತಿರುತ್ತೆ. ಒಂಟಿಯಾಗಿ.”



“ಹಾಗಾದ್ರೆ ನಮ್ಮ ಬೀದೀಲೇ ನಿಂಗೊಂದು ರೂಮು ನೋಡ್ತೀನಿ. ಏಳು, ಕರೀತಿದ್ದಾರೆ.”

ಹೆಜ್ಜೆ ಸಪ್ಪಳ ದೂರವಾಯಿತು. ಮುದುಕಿ ಕಣ್ಣು ತೆರೆಯದೆಯೇ ಮೆಲ್ಲನೆ ಅವರು ಕೂತಿದ್ದ ಕಡೆಗೆ ಸರಿದಳು. ಬೆಂಚು ಇನ್ನೂ ಬೆಚ್ಚಗಿತ್ತು.