ಎಡಗಡೆಯ ಸೀಟು

ಉಲಾನ್‌ಬಾತರಿನ ಹಳೇ ಕಾರು ಮಾರುವ ಅಂಗಳದಲ್ಲಿ ತನ್ನ ಸರದಿಗೆ ಕಾಯುತ್ತಿದ್ದ ಹೂಲಾನಳ ಕಿವಿ ಪಕ್ಕದ ಮುದಿ ಜೋಡಿಯ ಮಾತಿಗೆ ನೆಟ್ಟಗಾಯಿತು. ಜಪಾನಿನಿಂದ ಬಂದ ದೊಡ್ಡ ಜೀಪೊಂದನ್ನು ಅವರು ಆಗಷ್ಟೇ ಕೊಂಡಿದ್ದರು. ಪ್ರಯಾಣ ಶುಭವಾಗಲೆಂದು ಅಜ್ಜಿ ಅದರ ಚಕ್ರಗಳಿಗೆ ಹಾಲು ಚಿಮುಕಿಸುತ್ತಿದ್ದಳು.

“ಸಾಕು ದುಲ್ಮಾ, ಚಹಾಕ್ಕೂ ಒಂದಿಷ್ಟು ಉಳಿಸು.”

“ಸುಮ್ನಿರು. ದಾರಿ ಬೆಳ್ಳಗಿರ್ಬೇಕು. ಅಲ್ಲಾ, ಇದರ ಸ್ಟೀರಿಂಗ್ ಬಲಗಡೆ ಇದೆಯಲ್ಲ?”

“ಅಲ್ಲಿಂದ ಬರೋದೆಲ್ಲ ಹಂಗೇ.”

“ನಮ್ಮಲ್ಲಿ ಗಾಡಿ ಓಡಿಸೋದು ರಸ್ತೆಯ ಬಲಗಡೆ. ಮುಂದೆ ಲಾರಿ ಇದ್ರೆ, ಎದುರುಗಡೆಯಿಂದ ಬರೋದು ನಿನಗೆ ಕಾಣುತ್ತಾ?”

“ಕಾಣಲ್ಲ.”

“ಮತ್ತೆ ಯಾರಿಗೆ ಕಾಣುತ್ತೆ?”

ಅಜ್ಜ ಬಗ್ಗಿ, ಇಲ್ಲದ ಧೂಳನ್ನು ಬಾನೆಟ್ಟಿನಿಂದ ಒರೆಸಿದ. “ಎಡಗಡೆ ಕೂತವರಿಗೆ.”

“ಅಂದ್ರೆ ನನಗೆ!”

“ಹೂಂ.”

“ಲಾರೀನ ಹಿಂದೆ ಹಾಕೋ ಮುಂಚೆ ಪ್ರತಿಸಲ ನನ್ನ ಕೇಳ್ಬೇಕು.”

“ಕೇಳ್ಬೇಕು.”

“ನಮ್ಮ ಆ ಹಳೇ ರಷ್ಯಾ ಜೀಪಲ್ಲಿ ಇಷ್ಟು ವರ್ಷ ‘ಬಾಯಿ ಮುಚ್ಕೊಂಡು ಕೂತ್ಕೋ’ ಅಂತಿದ್ಯಲ್ಲೋ ಮುದುಕಾ!”

“ಈಗ ಬಾಯಿ ತೆಗಿ ಅಂತಿದೀನಲ್ಲ, ಹತ್ತು ಮಾರಾಯ್ತಿ.”

ಅಜ್ಜಿ ಬಿದ್ದು ಬಿದ್ದು ನಕ್ಕಳು. ಚಹಾಕ್ಕೆಂದು ಉಳಿದಿದ್ದ ಹಾಲನ್ನೂ ಎಡಗಡೆಯ ಬಾಗಿಲಿಗೆ ಸುರಿದು, ರಾಣಿಯ ಹಾಗೆ ಹತ್ತಿ ಕೂತಳು. ಗೇಟಿನಾಚೆ ಕೆಟ್ಟು ನಿಂತಿದ್ದ ಲಾರಿಯೊಂದರ ಹಿಂದೆ ಜೀಪು ನಿಂತಿತು. ಎದುರಿನ ರಸ್ತೆ ಪೂರ್ತಿ ಖಾಲಿಯಿರುವುದು ಹೂಲಾನಳಿಗೂ ಕಾಣುತ್ತಿತ್ತು.

“ಹೋಗ್ಲಾ?”

“ತಡಿ.”

“ಏನು ಬರ್ತಿದೆ?”

“ಏನೂ ಇಲ್ಲ. ಇನ್ನೊಂದ್ಸಲ ಕೇಳು.”