ಕಾಲುನೋವಿನ ನೆಪ

ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿನ ನೆರಳಿನಲ್ಲಿ ನೀಲಾವತಿ ಚಾಮರಾಜನಗರದ ಬಸ್ಸಿಗೆ ಕಾಯುತ್ತಿದ್ದಳು. ಪಕ್ಕದಲ್ಲಿ ಗಂಡ ಹೆಂಡತಿ ನಿಂತಿದ್ದರು. ಗಂಡನ ಮುಖ ಬಿಳಿಚಿಕೊಂಡು, ಹಣೆ ಬೆವರುತ್ತಿತ್ತು.

"ಮತ್ತೆ ಕಣ್ ಕತ್ಲೆ ಬತ್ತದಾ?" ಹೆಂಡತಿ ಮೆಲ್ಲಗೆ ಕೇಳಿದಳು.

"ಇಲ್ಲ ಬುಡು ಗುರುಮಲ್ಲಿ."

"ಕೂತ್ಕಳಿ ಅಂದ್ರೆ."

"ನೆಲದ್ ಮ್ಯಾಲೆ ಕೂತ್ರೆ ಕುಡ್ದವ್ನೆ ಅಂತಾರೆ. ಮಿಲ್ಲಲ್ಲಿ ಕೆಲ್ಸದ್ ಮಧ್ಯೆ ಬಿದ್ದಾಗ ಅಂದಂಗೆ."

ನೀಲಾವತಿಯೂ ಹಾಗೆಂದುಕೊಂಡೇ ಸ್ವಲ್ಪ ಸರಿದು ನಿಂತಿದ್ದಳು.

"ಬಿದ್ರೆ ಅನ್ನಲ್ವಾ?"

ಅವನು ಹಣೆಯ ಬೆವರು ಒರೆಸಿಕೊಂಡ. "ಎದೆ, ತಲೆ ಎಲ್ಲಾ ಚೆನ್ನಾಗದೆ ಅಂದ್ರಲ್ಲ ಡಾಕ್ಟ್ರು. ಮತ್ಯಾಕಮ್ಮಿ ಬೀಳ್ತೀನಿ?"

"ಒಂದೇ ಸಮ ನಿಂತ್ರೆ ರಕ್ತ ತಲೆಗೆ ಏರಲ್ವಂತೆ. ಮಲಗ್ಸಿ ಕಾಲೆತ್ತಿ ಇಟ್ರೆ ಸರಿ ಓಯ್ತದೆ ಅಂದವ್ರೆ."

"ನೀನಿಲ್ದಾಗ ಬಿದ್ರೆ?"

ಗುರುಮಲ್ಲಿ ಸೆರಗು ಸಿಕ್ಕಿಸಿಕೊಂಡು ತಾನೇ ಧೂಳಿನಲ್ಲಿ ಕೂತಳು. ಸುತ್ತಲಿನವರಿಗೆಲ್ಲ ಕೇಳುವಂತೆ, "ನಂಗೆ ಕಾಲು ನೋಯ್ತಾವೆ. ಒಬ್ಳೇ ಕೂರಕ್ಕೆ ನಾಚ್ಕೆ ಆಯ್ತದೆ, ನೀವೂ ಕೂತ್ಕಳಿ," ಅಂದಳು.

ಅವನು ಕೂತು ಮಂಡಿಗಳ ನಡುವೆ ತಲೆಯಿಟ್ಟುಕೊಂಡ. ಬೇಗೂರಿನ ಬಸ್ಸು ಬರುವ ಹೊತ್ತಿಗೆ ಮುಖಕ್ಕೆ ಬಣ್ಣ ಬಂದಿತ್ತು. ಅವನೇ ಎದ್ದು ಕೈ ಚಾಚಿ ಅವಳನ್ನು ಎಬ್ಬಿಸಿದ.

"ನಾಳೆ ಮಿಲ್ಲಿಗೆ ನಾನೂ ಬತ್ತೀನಿ," ಅಂದಳು ಗುರುಮಲ್ಲಿ.

"ದಿನಾ ಬತ್ತೀಯಾ?"

"ಬತ್ತೀನಿ," ಎನ್ನುತ್ತಾ ಗುರುಮಲ್ಲಿ ಅವನನ್ನು ಮುಂದೆ ಹತ್ತಿಸಿ ತಾನು ಹಿಂದೆ ಹತ್ತಿದಳು.